ಆರು ಅಡಿಕೆ

ಈ ಬೇಸಿಗೆಯಲ್ಲಿ ನಾನು ತಿಂದದ್ದಕ್ಕೆ ಲೆಕ್ಕವಿಲ್ಲ. ಬ್ಯಾಡಗಿಯಲ್ಲಿ ಜೋಳದ ರೊಟ್ಟಿ, ಧಾರವಾಡದಲ್ಲಿ ಮದುವೆ ಊಟ, ಮೈಸೂರಿಗೆ ಹೋಗುವಾಗ ರಾಮನಗರದ ಮಾವು, ಊರಲ್ಲಿ ಲೋಟಗಟ್ಟಲೆ ಅಪ್ಪೆಹುಳಿ. ಎಲ್ಲದರ ಫೋಟೋ ಫೋನಿನಲ್ಲಿದೆ. ನನಗೆ ತಿನ್ನುವ ಹುಚ್ಚು ಅಂತ ಗೊತ್ತಿರುವವರು ಸಿಕ್ಕಿದರೆ ಕೇಳುವುದೇ "ಈ ಸಲ ಏನೇನು ತಿಂದೆ ಮಾರಾಯ?" ಅಂತ. ಹೇಳೋಣ ಅಂತ ಬಾಯಿ ತೆರೆದರೆ ನೆನಪಿಗೆ ಬರುವುದು ತಿಂದದ್ದಲ್ಲ. ನಮ್ಮ ಮನೆಯ ಅಡುಗೆಕೋಣೆಯ ಗೋಡೆಗೂಡಿನಲ್ಲಿ, ಒಂದು ಸ್ಟೀಲ್ ಬಟ್ಟಲಲ್ಲಿ ಇದ್ದ ಆರು ಅಡಿಕೆ. ಅದು ಕವಳಕ್ಕೆ, ಅಂದರೆ ಎಲೆಯಡಿಕೆಗೆ ಇಟ್ಟದ್ದಲ್ಲ, ಲೆಕ್ಕಕ್ಕೆ ಇಟ್ಟದ್ದು. ಮೂರು ತಿಂಗಳಾಯಿತು, ಇನ್ನೂ ತಲೆಯಿಂದ ಹೋಗಿಲ್ಲ.

ಮಾರ್ಚ್ ತಿಂಗಳ ಫೋನು

ಆಯಿಯ, ಅಂದರೆ ಅಮ್ಮನ ಫೋನ್ ಬಂದದ್ದು ಮಾರ್ಚ್ ಮೊದಲ ವಾರ. ಅವಳಿಗೆ ಪೀಠಿಕೆ ಹಾಕುವ ಅಭ್ಯಾಸ ಇಲ್ಲ. "ಮಿಡಿ ಬೈಂದು ತಮಾ. ಬತ್ಯ ಇಲ್ಯ?" ಅಂದಳು. ಶಿರಸಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ಮಿಡಿ (ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ) ಬಂದಿದೆ, ಬರುತ್ತೀಯೋ ಇಲ್ಲವೋ. (ಅವಳ ಉಳಿದ ಮಾತನ್ನೆಲ್ಲ ಇಲ್ಲಿ ಪುಸ್ತಕದ ಕನ್ನಡಕ್ಕೆ ತಂದು ಬರೆಯುತ್ತೇನೆ. ಅವಳು ಓದಿದರೆ ನಗುತ್ತಾಳೆ, ಇರಲಿ.) ನಾನು ಆಗ ಬೆಂಗಳೂರಿನ ಆಫೀಸಿನಲ್ಲಿ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಮೌಸು. ನನ್ನದು ಆಡಿಟ್ ಕೆಲಸ. ಮಾರ್ಚ್ ಅಂದರೆ ನಮಗೆ ಇಯರ್ ಎಂಡಿಂಗ್. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ, ಈ ಜ್ವರ ಏಪ್ರಿಲ್‌ನಲ್ಲಿ ಬರಬಾರದಿತ್ತಾ ಅನ್ನಿಸುವ ತಿಂಗಳು. "ಮುಂದಿನ ವಾರ ನೋಡ್ತೇನೆ" ಅಂದೆ. ಆ ಕಡೆಯಿಂದ ಒಂದು "ಹೂಂ" ಬಂತು. ಹೋದ ವರ್ಷವೂ ಇದನ್ನೇ ಹೇಳಿದ್ದೆ. ಅದರ ಹಿಂದಿನ ವರ್ಷವೂ.

ಮುಂದಿನ ವಾರ ಅನ್ನುವುದೆಲ್ಲ ಮಿಡಿಗೆ ನಡೆಯುವುದಿಲ್ಲ. ಅಪ್ಪೆಮಿಡಿ ಕೊಯ್ಯಲು ಸಿಗುವುದು ಕೆಲವೇ ದಿನ. ಒಳಗೆ ಗೊರಟೆ ಗಟ್ಟಿಯಾಗುವ ಮೊದಲು ಕೊಯ್ಯಬೇಕು. ಒಂದು ವಾರ ತಡವಾದರೆ ಅದು ಮಿಡಿಯಲ್ಲ, ಬರೀ ಮಾವಿನಕಾಯಿ. ಮರ ಹತ್ತಿ ಕೈಯಿಂದಲೇ ಕೊಯ್ಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಸಾಕು, ಜಾಡಿಯಲ್ಲಿ ತಾನೂ ಕೊಳೆತು ಪಕ್ಕದ್ದನ್ನೂ ಕೊಳೆಸುತ್ತದೆ. ಅರ್ಧ ಇಂಚಾದರೂ ತೊಟ್ಟು ಉಳಿಸಿಕೊಳ್ಳಬೇಕು. ತೊಟ್ಟು ಕಿತ್ತುಬಂದರೆ ಸೊನೆ ಸೋರಿಹೋಗುತ್ತದೆ, ಸೊನೆ ಹೋದರೆ ಪರಿಮಳವೂ ಹೋಯಿತು. ಮೈಗೆ ತಾಗಿದರೆ ಬೊಬ್ಬೆ ಬರಿಸುವ ಆ ಸೊನೆಯೇ ಉಪ್ಪಿನಕಾಯಿಗೆ ಜೀವ. ಅದರಲ್ಲೂ ಒಂದು ಮರದ ಹಾಗೆ ಇನ್ನೊಂದು ಮರ ಇಲ್ಲ. ಒಂದು ಜೀರಿಗೆ ಪರಿಮಳದ್ದು, ಇನ್ನೊಂದು ಕರ್ಪೂರದ ಹಾಗೆ ಘಮ್ಮೆನ್ನುವುದು, ಮತ್ತೊಂದು ಬರೀ ಹುಳಿ. ಗೊರಟೆ ನೆಟ್ಟರೆ ತಾಯಿಮರದ ಪರಿಮಳವೇ ಬರುತ್ತದೆ ಅನ್ನುವ ಖಾತರಿ ಇಲ್ಲ. ಅದಕ್ಕೇ ಈಗ ಕಸಿ ಕಟ್ಟಿ ತೋಟದಲ್ಲೇ ಬೆಳೆಸುವವರು ಜಾಸ್ತಿಯಾಗಿದ್ದಾರೆ. ಕಾಡಿನ ಮರಗಳಿಗೆ ಬೇರೆ ಕಂಟಕ. ಹತ್ತುವ ಕಷ್ಟ ಬೇಡ ಅಂತ ಗೆಲ್ಲು ಕಡಿದೇ ಮಿಡಿ ಬಿಡಿಸಿಕೊಳ್ಳುವವರಿದ್ದಾರೆ. ಗೆಲ್ಲು ಹೋದ ಮೇಲೆ ಮುಂದಿನ ವರ್ಷದ ಮಿಡಿ ಎಲ್ಲಿಂದ ಬರಬೇಕು?

2009ರಲ್ಲಿ ಅಪ್ಪೆಮಿಡಿಗೆ ಜಿಐ, ಅಂದರೆ ಇದು ಈ ಸೀಮೆಯದ್ದೇ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನಾನು ದೊಡ್ಡ ಸುದ್ದಿಯ ಹಾಗೆ ಆಯಿಗೆ ಹೇಳಿದ್ದೆ. "ಹಾಗಂದರೆ ರೇಟು ಜಾಸ್ತಿಯಾಗುತ್ತದಾ?" ಅಂತ ಕೇಳಿ ಸುಮ್ಮನಾದಳು.

ಬ್ಯಾಡಗಿಯ ಚೀಲಗಳು

ಮಾರ್ಚ್ 31ಕ್ಕೆ ನಾನಿದ್ದದ್ದು ಬ್ಯಾಡಗಿಯಲ್ಲಿ. ವರ್ಷದ ಕೊನೆಯ ದಿನ ಗೋಡೌನಿನಲ್ಲಿ ಎಷ್ಟು ಮಾಲಿದೆ ಅಂತ ಕಣ್ಣಾರೆ ನೋಡಿ ಬರೆದುಕೊಂಡು ಬರುವುದು ನಮ್ಮ ಕೆಲಸದ ಭಾಗ. ಪುಸ್ತಕದಲ್ಲಿ ಇದ್ದದ್ದೂ ಗೋಡೌನಿನಲ್ಲಿ ಇದ್ದದ್ದೂ ಟ್ಯಾಲಿ ಆಗಬೇಕು. ಈ ಸಲ ನನ್ನ ಪಾಲಿಗೆ ಬಂದದ್ದು ಮೆಣಸಿನಕಾಯಿ ತುಂಬಿದ ಕೋಲ್ಡ್ ಸ್ಟೋರೇಜ್. ಹೊರಗೆ ನೆತ್ತಿ ಸುಡುವ ಬಿಸಿಲು. ದಪ್ಪ ಬಾಗಿಲು ದಾಟಿ ಒಳಗೆ ಹೋದರೆ 5-6 ಡಿಗ್ರಿ. ಕತ್ತಲು, ಚಳಿ, ಮಾಳಿಗೆಯ ತನಕ ಚೀಲ. ಎರಡನೇ ಸಾಲು ಎಣಿಸುವ ಹೊತ್ತಿಗೆ ಸೀನು ಶುರುವಾಯಿತು. ನಲವತ್ಮೂರು, ಅಕ್ಷಿ, ನಲವತ್ತು ಎಷ್ಟು? ಮತ್ತೆ ಮೊದಲಿಂದ. ಅಲ್ಲಿನ ಹಮಾಲರೊಬ್ಬರು ನಕ್ಕು ತಮ್ಮ ಹೆಗಲಿನ ಟವೆಲ್ ಕೊಟ್ಟು "ಮೂಗಿಗೆ ಕಟ್ಕೋರಿ ಸಾಹೇಬ್ರ" ಅಂದರು. ಅವರು ಏನೂ ಕಟ್ಟಿಕೊಂಡಿರಲಿಲ್ಲ. ಕಡ್ಡಿ ಅನ್ನುವ ಜಾತಿಯ ಒಂದು ಮೆಣಸಿನಕಾಯಿ ತೆಗೆದು ಬಗ್ಗಿಸಿ ತೋರಿಸಿದರು. ಉದ್ದ, ತೆಳ್ಳಗೆ, ಮೈತುಂಬ ಸುಕ್ಕು. ಮುರಿಯಲಿಲ್ಲ, ಬಗ್ಗಿತು. "ಇಷ್ಟು ಮೆತ್ತಗ ಇದ್ರ ಬಣ್ಣ ಹಿಡದೈತಿ ಅಂತ" ಅಂದರು. ಡಬ್ಬಿ ಅನ್ನುವ ಇನ್ನೊಂದು ಜಾತಿ ಗಿಡ್ಡ, ದಪ್ಪ. ಎರಡಕ್ಕೂ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣ ತೆಗೆದು ತಿನ್ನುವ ಪದಾರ್ಥಕ್ಕೂ ಹಾಕುತ್ತಾರೆ, ಲಿಪ್‌ಸ್ಟಿಕ್ಕಿಗೂ ಹಾಕುತ್ತಾರೆ. 2011ರಲ್ಲಿ ಇದಕ್ಕೂ ಜಿಐ ಬಂತು. ನನ್ನ ಬೇಸಿಗೆಯೇ ಜಿಐ ಬೇಸಿಗೆ ಅನ್ನಿ.

ಮಧ್ಯಾಹ್ನ ಪೇಟೆಯ ಒಂದು ಖಾನಾವಳಿಯಲ್ಲಿ ಊಟ. ಬಿಸಿ ಜೋಳದ ರೊಟ್ಟಿ, ಜುಣಕ, ಹಸಿ ಸೌತೆಕಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಮೂಲೆಯಲ್ಲಿ ಒಂದು ಚಮಚೆ ಕೆಂಪು ಚಟ್ನಿ. ಆ ಕೆಂಪು ನೋಡಿಯೇ ಅರ್ಧ ಹೊಟ್ಟೆ ತುಂಬಿತು. ಚಟ್ನಿಗೆ ಯಾವ ಮೆಣಸಿನಕಾಯಿ ಹಾಕುತ್ತೀರಿ ಅಂತ ಕೇಳಿಬಿಟ್ಟೆ. ರೊಟ್ಟಿ ಹಾಕುತ್ತಿದ್ದ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬ್ಯಾಡಗ್ಯಾಗ ಕುಂತು ಬ್ಯಾರೆ ಊರಿನ ಮೆಣಸಿನಕಾಯಿ ತಿಂತೀರೇನ್ರಿ?" ಅಂದರು. ಇನ್ನೊಂದು ರೊಟ್ಟಿ ಹಾಕಿಸಿಕೊಂಡು ತಲೆ ತಗ್ಗಿಸಿದೆ.

ಸಂಜೆ ಪೇಟೆಯಲ್ಲಿ ಆಯಿಗೆ ಅಂತ 2 ಕಿಲೋ ಕಡ್ಡಿ ಕೊಂಡೆ. ಉಪ್ಪಿನಕಾಯಿಯ ಬಣ್ಣಕ್ಕೆ ಅವಳಿಗೆ ಬ್ಯಾಡಗಿಯೇ ಆಗಬೇಕು. (ಎಣಿಸಿದ ಗೋಡೌನಿನಿಂದ ಒಂದು ಮೆಣಸಿನಕಾಯಿಯನ್ನೂ ಮುಟ್ಟಲಿಲ್ಲ. ನಮ್ಮ ಕೆಲಸದಲ್ಲಿ ಅದು ಮಹಾಪಾಪ. ದುಡ್ಡು ಕೊಟ್ಟು, ಬೇರೆ ಅಂಗಡಿಯಲ್ಲಿ, ಬಿಲ್ ಸಮೇತ.) ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ತಲೆಯಲ್ಲಿ ಒಂದು ಲೆಕ್ಕ ಬಂತು. ಇಲ್ಲಿಂದ ಹಾನಗಲ್ ಮೇಲೆ ಹೋದರೆ ಶಿರಸಿ ಎರಡೂವರೆ ಮೂರು ತಾಸು. ರಾತ್ರಿ ಊಟಕ್ಕೆ ಮನೆಯಲ್ಲಿರಬಹುದು. ಬೆಂಗಳೂರು ಅದರ ಎರಡರಷ್ಟಕ್ಕಿಂತ ಜಾಸ್ತಿ ದೂರ. ಬೆಳಗ್ಗೆ ಎಣಿಕೆಯ ಹಾಳೆ ಆಫೀಸಿನ ಮೇಜಿನ ಮೇಲಿರಬೇಕು. ಬೆಂಗಳೂರು ಬಸ್ ಹತ್ತಿದೆ. ರಾತ್ರಿಯಿಡೀ ಬಸ್ಸಿನಲ್ಲಿ ನನ್ನ ಚೀಲದ ಘಾಟು. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು.

ಬಟ್ಟಲು

ಊರು ಸೇರಿದ್ದು ಏಪ್ರಿಲ್ ಎರಡನೇ ಶನಿವಾರ ಬೆಳಗ್ಗೆ. ಆಯಿ ಜಗಲಿಯಲ್ಲೇ ಕೂತಿದ್ದಳು. ಮೆಣಸಿನಕಾಯಿ ಚೀಲ ಬಿಚ್ಚಿ, ಒಂದು ಮುರಿದು ಮೂಸಿ, "ಅಡ್ಡಿಲ್ಲ" ಅಂದಳು. ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆಮೇಲೆ ಕೈ ತೊಳೆದು ಒರೆಸಿಕೊಂಡು ಬಾ ಅಂದಳು. ಒರೆಸಿಕೊಂಡು ಅನ್ನುವುದನ್ನು ಒತ್ತಿ ಹೇಳಿದಳು. ಉಪ್ಪಿನಕಾಯಿಯ ಹತ್ತಿರ ಒಂದು ಹನಿ ನೀರೂ ಬರುವ ಹಾಗಿಲ್ಲ.

ಕತ್ತಲೆ ಕೋಣೆಯಲ್ಲಿ ಜಾಡಿ. ಬಾಯಿಗೆ ಬಿಳಿ ಬಟ್ಟೆ, ಅದರ ಮೇಲೆ ಬಾಳೆನಾರು. ಬಿಚ್ಚಿದ ಕೂಡಲೇ ಬಂದ ವಾಸನೆಯನ್ನು ಹೇಗೆ ಬರೆಯಲಿ? ಹುಳಿ ಅಲ್ಲ, ಉಪ್ಪೂ ಅಲ್ಲ. ಬಾಯಲ್ಲಿ ನೀರು ಬರುವ ಮೊದಲು ದವಡೆಯ ಮೂಲೆ ಜುಂ ಅನ್ನುತ್ತದಲ್ಲ, ಅದು. ಕಲ್ಲುಪ್ಪಿನಲ್ಲಿ ಮೂರು ವಾರ ಕೂತ ಮಿಡಿಗಳು ಮುದುಡಿ ಹೋಗಿದ್ದವು. ಕೊಯ್ದಾಗ ಹಸಿರಾಗಿ, ನುಣ್ಣಗೆ ಇದ್ದವು ಈಗ ಅಜ್ಜಿಯರ ಬೆರಳಿನ ಹಾಗೆ ಸುಕ್ಕುಸುಕ್ಕು. ಉಪ್ಪು ಮಿಡಿಯೊಳಗಿನ ನೀರನ್ನೆಲ್ಲ ಹೊರಗೆ ಎಳೆದುಕೊಳ್ಳುತ್ತದೆ. ಜಾಡಿಗೆ ನಾವು ಒಂದು ತೊಟ್ಟೂ ನೀರು ಹಾಕುವುದಿಲ್ಲ, ಆದರೂ ಮಿಡಿ ಮುಳುಗುವಷ್ಟು ನೀರಿರುತ್ತದೆ. ಅದೇ ನೀರನ್ನು ಬಸಿದು, ಕುದಿಸಿ, ಆರಿಸಿ, ಅದರಲ್ಲೇ ಸಾಸಿವೆ ಮತ್ತು ಮೆಣಸಿನ ಖಾರ ಅರೆಯಬೇಕು. "ಮಿಡಿಯನ್ನು ಉಪ್ಪಿಗೆ ಹಾಕಿದ್ದು ನಾನೇ. ಅದು ನಿನ್ನನ್ನು ಕಾಯುವುದಿಲ್ಲ. ಖಾರ ಅರೆಯುವುದನ್ನು ನಿನಗೆ ಇಟ್ಟಿದ್ದೇನೆ" ಅಂದಳು ಆಯಿ.

ನನಗೆ ನಲವತ್ತೆರಡು ವರ್ಷ. ಈ ಉಪ್ಪಿನಕಾಯಿಯ ಬಗ್ಗೆ ಯಾರಾದರೂ ಕೇಳಿದರೆ ಅರ್ಧ ಗಂಟೆ ಭಾಷಣ ಮಾಡಬಲ್ಲೆ. ಖಾರ ಅರೆದದ್ದು ಮಾತ್ರ ಇದೇ ಮೊದಲು. ಮಿಕ್ಸಿಗೆ ಸಾಸಿವೆ ಹಾಕಿ ಗರ್ರೆಂದು ತಿರುಗಿಸಿದೆ. ಆಯಿ ಓಡಿ ಬಂದು ಬಟನ್ ಆರಿಸಿದಳು. "ಒಂದೇ ಸಮನೆ ಬಿಟ್ಟರೆ ಜಾರು ಬಿಸಿಯಾಗುತ್ತದೆ, ಸಾಸಿವೆ ಕಹಿಯಾಗುತ್ತದೆ. ಬಿಟ್ಟು ಬಿಟ್ಟು ತಿರುಗಿಸು." ಬಿಟ್ಟು ಬಿಟ್ಟು ತಿರುಗಿಸಿದೆ. ಮುಚ್ಚಳ ತೆಗೆದಾಗ ಸಾಸಿವೆಯ ಝಳ ಮೂಗಿನಿಂದ ನೆತ್ತಿಗೆ ಹೋಯಿತು. ಇನ್ನೂ ಉಪ್ಪುನೀರು ಹಾಕಲಾ ಅಂತ ಕೇಳಿದರೆ "ಹಾಕು", ಎಷ್ಟು ಅಂತ ಕೇಳಿದರೆ "ಬೇಕಾದಷ್ಟು". ಅವಳ ಅಳತೆ ಎಲ್ಲ ಕಣ್ಣಲ್ಲಿ. ಖಾರ ಸುರಿದು ಮರದ ಸೌಟಿನಲ್ಲಿ ತಳದಿಂದ ಮೇಲಕ್ಕೆ ತಿರುವುವಾಗ ಒಂದು ಮಿಡಿ ಹಾರಿ ಹೊರಗೆ ಬಿತ್ತು. ಅದನ್ನು ವಾಪಸ್ ಹಾಕುವ ಹಾಗಿಲ್ಲ. ತಿಂದೆ. ಖಾರ ಇನ್ನೂ ಹಿಡಿದಿರಲಿಲ್ಲ, ಬರೀ ಉಪ್ಪು ಮತ್ತು ಸೊನೆ. ಕಣ್ಣು ತಾನಾಗಿ ಮುಚ್ಚಿತು.

ಕೆಲಸ ಮುಗಿಯಿತು ಅಂದಾಗ ಇನ್ನೂ ಹನ್ನೊಂದು ಗಂಟೆ. "ಉಳಿದ ಜಾಡಿ ತರಲಾ?" ಅಂತ ಕೇಳಿದೆ. "ಉಳಿದದ್ದು ಯಾವುದು?" ಅಂದಳು. ಆಗಲೇ ನಾನು ಗೂಡಿನಲ್ಲಿದ್ದ ಬಟ್ಟಲು ನೋಡಿದ್ದು.

ಆ ಬಟ್ಟಲಿನ ಕಥೆ ಇಷ್ಟು. ನಮ್ಮ ಕಡೆ ಮಿಡಿಯನ್ನು ತೂಕ ಮಾಡಿ ಕೊಳ್ಳುವುದಿಲ್ಲ, ನೂರರ ಲೆಕ್ಕ. ತಂದವರ ಎದುರಿಗೇ ಎಣಿಸಿಕೊಳ್ಳಬೇಕು. ನಾವು ಸಣ್ಣವರಿದ್ದಾಗ ರಾತ್ರಿ ಜಗಲಿಯಲ್ಲಿ ಮಿಡಿ ಸುರಿದು ಎಲ್ಲರೂ ಸುತ್ತ ಕೂರುತ್ತಿದ್ದೆವು. ಅಪ್ಪಯ್ಯ ಎಣಿಸುವುದು, ಆಯಿ ಪೆಟ್ಟಾದದ್ದನ್ನು ಆರಿಸಿ ಈಚೆ ಹಾಕುವುದು. ನೂರು ಆದ ಕೂಡಲೇ ಬಟ್ಟಲಿಗೆ ಒಂದು ಅಡಿಕೆ. ಅಡಿಕೆ ಹಾಕುವವರು ನಾವು ಮಕ್ಕಳು. ನನ್ನ ಸರದಿ, ನಿನ್ನ ಸರದಿ ಅಂತ ಅದಕ್ಕೊಂದು ಜಗಳ. ಕೊನೆಗೆ ಬಟ್ಟಲಲ್ಲಿ ಇಪ್ಪತ್ತು, ಇಪ್ಪತ್ತೆರಡು ಅಡಿಕೆ ಇರುತ್ತಿದ್ದವು. ಎರಡು ಸಾವಿರದ ಮೇಲೆ ಮಿಡಿ, ಮೂರು ದೊಡ್ಡ ಜಾಡಿ. ಜಾಡಿಗೆ ಹಾಕಿ ಖಾರ ಬೆರೆಸುವ ತನಕ ಆ ಬಟ್ಟಲನ್ನು ಯಾರೂ ಮುಟ್ಟುವಂತಿಲ್ಲ. ಅದೇ ನಮ್ಮ ಮನೆಯ ಸ್ಟಾಕ್ ರಿಜಿಸ್ಟರು.

ಈಗ ಆರು.

"ಇಷ್ಟೇನಾ?" ಅಂದೆ. ಆಯಿಗೆ ಬೇಸರವೇನೂ ಇರಲಿಲ್ಲ. ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು. ಅಪ್ಪಯ್ಯ ಹೋಗಿ ಐದು ವರ್ಷವಾಯಿತು. ತನಗೆ ಬಿಪಿ, ಡಾಕ್ಟರು ಉಪ್ಪಿನಕಾಯಿ ಮೂಸಲೂ ಬೇಡ ಅಂದಿದ್ದಾರೆ. ತೋಟದ ಕೆಲಸಕ್ಕೆ ಬರುವವರು ಮೊದಲು ಮಧ್ಯಾಹ್ನ ಇಲ್ಲೇ ಊಟ ಮಾಡುತ್ತಿದ್ದರು, ಈಗ ಡಬ್ಬಿ ತರುತ್ತಾರೆ. ಕೆಳಗಿನ ಮನೆಯವರು ಮಗನ ಜೊತೆ ಪುಣೆಗೆ ಹೋದರು. "ನೀವು ಆರು ತಿಂಗಳಿಗೆ ಒಂದು ಬಾಟಲಿ ಒಯ್ಯುತ್ತೀರಿ. ಅದನ್ನೂ ಫ್ರಿಜ್ಜಿನಲ್ಲಿ ಇಡುತ್ತೀರಿ." ಕೊನೆಯ ವಾಕ್ಯದಲ್ಲಿ ಮಾತ್ರ ಸ್ವಲ್ಪ ಸಿಟ್ಟಿತ್ತು. ವರ್ಷಗಟ್ಟಲೆ ಹೊರಗೆ ಕೆಡದೆ ಇರುವ ಮಿಡಿಯನ್ನು ಫ್ರಿಜ್ಜಿನಲ್ಲಿಡುವುದು ಅವಳ ಪ್ರಕಾರ ಅವಮಾನ, ಮಿಡಿಗೂ ಮಾಡಿದವಳಿಗೂ. ಹೋದ ವರ್ಷ ಎಷ್ಟು ಹಾಕಿದ್ದೆ ಅಂತ ಕೇಳಿದೆ. ಒಂಬೈನೂರು. ಅದರ ಹಿಂದಿನ ವರ್ಷ? ಹದಿಮೂರು ನೂರು. ಒಂದೇ ಸಲ ಇಳಿದದ್ದಲ್ಲ. ವರ್ಷ ವರ್ಷ ಇಳಿಯುತ್ತಾ ಬಂದದ್ದು. ನಾನು ಬೇರೆಯವರ ಗೋಡೌನಿನಲ್ಲಿ ಚೀಲ ಎಣಿಸುತ್ತಾ, ಹೋದ ವರ್ಷಕ್ಕಿಂತ ಮಾಲು ಯಾಕೆ ಕಡಿಮೆ ಅಂತ ಜೋರು ಮಾಡುತ್ತಾ ಇದ್ದೆ.

ಮಧ್ಯಾಹ್ನ ಅಪ್ಪೆಹುಳಿ ಮಾಡಿದ್ದಳು. ಮಾವಿನಕಾಯಿ ಬೇಯಿಸಿ ಹಿಂಡಿ, ನೀರು ನೀರಾಗಿ, ಮೇಲೆ ಒಣಮೆಣಸಿನ ಒಗ್ಗರಣೆ. ಅನ್ನಕ್ಕೆ ಹಾಕಿಕೊಂಡದ್ದಕ್ಕಿಂತ ಲೋಟದಲ್ಲಿ ಕುಡಿದದ್ದೇ ಜಾಸ್ತಿ. ಅದು ಕುಡಿದರೆ ನಿದ್ದೆ ಬರಲೇಬೇಕು. ಬಂತು.

ಸೊಂಟ ಯಾರದು?

ಇದನ್ನೆಲ್ಲ ಇಷ್ಟಕ್ಕೇ ನಿಲ್ಲಿಸಿದ್ದರೆ ಹಳೆಯ ಕಾಲ ಚೆನ್ನಾಗಿತ್ತು ಅನ್ನುವ ಮಾಮೂಲಿ ಬರಹ ಆಗುತ್ತಿತ್ತು. ಏಪ್ರಿಲ್ ಕೊನೆಗೆ ಧಾರವಾಡಕ್ಕೆ ಹೋದೆವು. ಹೆಂಡತಿಯ ತವರು. ಅವಳ ಚಿಕ್ಕಪ್ಪನ ಮಗಳ ಮದುವೆ. ಮದುವೆ ಊಟದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಗೋಬಿ ಮಂಚೂರಿಯ ಕ್ಯೂ ಮುಗಿಸಿ ಹೋಳಿಗೆಯ ಹತ್ತಿರ ಬರುವಾಗ ಹೋಳಿಗೆ ಮುಗಿದಿತ್ತು. ಅಷ್ಟೇ.

ಮಾರನೇ ದಿನ ಬೆಳಗ್ಗೆ ಅತ್ತೆ ಗೋಧಿ ಹಿಟ್ಟಿನ ಡಬ್ಬಿ ಹಿಡಿದು ಹೊರಟರು. ನಾನೂ ಜೊತೆಗೆ ಹೋದೆ. ಮೂರು ಓಣಿ ಆಚೆ ಒಂದು ಶಾವಿಗೆ ಮಷಿನ್ ಇದೆ. ಬೇಸಿಗೆಯಲ್ಲಿ ಬೆಳಗಿನಿಂದ ಅಲ್ಲಿ ಸಾಲು. ಹಿಟ್ಟು ಕೊಟ್ಟರೆ ಅವರೇ ಕಲಸಿ, ಮಷಿನ್ನಿಗೆ ಹಾಕಿ, ಎಳೆ ತೆಗೆದು ಕೋಲಿನ ಮೇಲೆ ನೇತುಹಾಕುತ್ತಾರೆ. ಅಂಗಳದ ತುಂಬ ಶಾವಿಗೆಯ ಪರದೆ. ಗಾಳಿ ಬಂದರೆ ಸಣ್ಣಗೆ ಸರಸರ ಸದ್ದು. ನಾನು ಫೋಟೋ ತೆಗೆದೆ. ಆಮೇಲೆ ನನ್ನ ಅಭ್ಯಾಸದ ಪ್ರಕಾರ, "ಮೊದಲೆಲ್ಲ ಮನೆಯಲ್ಲೇ ಕೈಯಿಂದ ಹೊಸೆಯುತ್ತಿದ್ದಿರಲ್ಲ ಅತ್ತೆ, ಅದರ ರುಚಿನೇ ಬೇರೆ" ಅಂದೆ. ಅತ್ತೆ ತುಂಬ ಮರ್ಯಾದಸ್ಥರು. ಅಳಿಯನ ಎದುರು ದನಿ ಎತ್ತುವವರಲ್ಲ. ನಗುತ್ತಲೇ ಹೇಳಿದರು: "ತಿನ್ನಾವ್ರಿಗೆ ಹಳೇ ರುಚಿ ಬೇಕ್ರಿ. ಮಾಡಾವ್ರಿಗೆ ಸೊಂಟ ಇರಂಗಿಲ್ಲೇನ್ರಿ?"

ಶಾವಿಗೆ ಒಣಗುವ ತನಕ ನೆರಳಲ್ಲಿ ಕೂತೆವು. ಅತ್ತೆ ತಾವು ಮದುವೆಯಾಗಿ ಬಂದ ಮೊದಲ ಬೇಸಿಗೆಯ ಬಗ್ಗೆ ಹೇಳಿದರು. ಹದಿನಾರು ಜನರ ಮನೆ. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ಬಿಸಿಲೇರುವ ಮೊದಲು ಹಿಟ್ಟು ನಾದುವುದು, ಆಮೇಲೆ ಮಾಳಿಗೆಯ ಮೇಲೆ ಬಿಸಿಲಲ್ಲೇ ಕೂತು ಹಪ್ಪಳ, ಸಂಡಿಗೆ. ಮಳೆಗಾಲಕ್ಕೆ ಬೇಕಾದದ್ದೆಲ್ಲ ಆ ಎರಡು ತಿಂಗಳಲ್ಲಿ ಆಗಬೇಕು. ಹಪ್ಪಳ ಒತ್ತುವಾಗ ಒಳಗಿನಿಂದ ಯಾರಾದರೂ ಚಹಾ ಅಂತ ಕೂಗಿದರೆ ಎದ್ದು ಹೋಗಬೇಕು. "ಬ್ಯಾಸಗಿ ಸೂಟಿ ನಿಮಗಿತ್ತು, ನಮಗಿರಲಿಲ್ಲ ನೋಡ್ರಿ" ಅಂದರು. ದೂರಿನ ದನಿಯಲ್ಲ. ಮಷಿನ್ ಬಂದ ವರ್ಷ ಅವರು ಕೈಶಾವಿಗೆ ಬಿಟ್ಟರಂತೆ, ಒಂದು ದಿನವೂ ಪಶ್ಚಾತ್ತಾಪ ಆಗಿಲ್ಲವಂತೆ. ಆ ದಿನ ಸಂಜೆ ಶಾವಿಗೆ ಪಾಯಸ ತಿಂದೆ. ಎಳೆ ಒಂದಕ್ಕೊಂದು ಅಂಟಿರಲಿಲ್ಲ, ಚೆನ್ನಾಗಿತ್ತು. ಕೈಶಾವಿಗೆಗೂ ಇದಕ್ಕೂ ನಾನು ಅಂದ ವ್ಯತ್ಯಾಸ ನನಗೆ ಗೊತ್ತಾಗಲಿಲ್ಲ. ನಿಜ ಹೇಳಬೇಕೆಂದರೆ ಕೈಶಾವಿಗೆಯ ರುಚಿ ನನಗೆ ನೆನಪೇ ಇಲ್ಲ. ಸುಮ್ನೆ ಹೇಳಿದ್ದೆ.

ಇಲ್ಲಿ ನನಗೆ ಸಿಕ್ಕಿಹಾಕಿಕೊಂಡ ಹಾಗಾಯಿತು. ಆಯಿಯ ಬಟ್ಟಲಲ್ಲಿ ಅಡಿಕೆ ಕಡಿಮೆಯಾದದ್ದಕ್ಕೆ ಸಂಕಟಪಡುವ ನಾನು, ಇಪ್ಪತ್ತೆರಡು ಅಡಿಕೆಯ ವರ್ಷಗಳಲ್ಲಿ ಅವಳು ಎಷ್ಟು ಹೊತ್ತಿಗೆ ಮಲಗುತ್ತಿದ್ದಳು ಅಂತ ಯಾವತ್ತಾದರೂ ನೋಡಿದ್ದೆನಾ? ಎಣಿಸಿ ಮುಗಿದ ಮೇಲೆ ನಾವು ಮಕ್ಕಳು ಮಲಗುತ್ತಿದ್ದೆವು. ಒಂದೊಂದೇ ಮಿಡಿಯನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಆರಿಸಿ, ಉಪ್ಪಿನ ಜೊತೆ ಪದರ ಪದರವಾಗಿ ಹಾಕುವುದು ಆಮೇಲಿನ ಕೆಲಸ. ಎರಡು ಸಾವಿರ ಮಿಡಿ. ಆರುನೂರು ಸಾಕು ಅಂತ ಅವಳು ತೀರ್ಮಾನ ಮಾಡಿದ್ದರೆ ಅದರಲ್ಲಿ ಸೋಲೇನಿದೆ? ಎಪ್ಪತ್ತು ದಾಟಿದವಳು ಬೇಡದ ಕೆಲಸ ಬಿಟ್ಟಿದ್ದಾಳೆ, ಅಷ್ಟೇ ಅಲ್ವಾ? ಹೀಗೂ ಹೇಳಿಕೊಂಡು ನೋಡಿದೆ. ಪೂರ್ತಿ ಸಮಾಧಾನ ಆಗಲಿಲ್ಲ. ಯಾಕೆಂದರೆ ಅವಳು ಬೇಡ ಅಂತ ಬಿಟ್ಟದ್ದಲ್ಲ. ಖರ್ಚಾಗುವುದಿಲ್ಲ ಅಂತ ಬಿಟ್ಟದ್ದು.

(ಮಾವಿನಹಣ್ಣಿನ ಬಗ್ಗೆ ಬರೆಯದೆ ಬೇಸಿಗೆಯ ಬರಹ ಮುಗಿಸಿದರೆ ಬೈಯುವವರಿದ್ದಾರೆ, ಅವರಿಗಾಗಿ ನಾಲ್ಕು ಸಾಲು. ರಾಮನಗರದ ಮಾವು ಬೇಗ ಬರುತ್ತದೆ, ಶ್ರೀನಿವಾಸಪುರದ್ದು ಆಮೇಲೆ. ಬಾದಾಮಿಗೆ ಹೆಸರು ಜಾಸ್ತಿ, ನನ್ನ ಮತ ರಸಪುರಿಗೆ. ಮೇ ತಿಂಗಳಲ್ಲಿ ಲಾಲ್‌ಬಾಗಿನ ಮಾವು ಮೇಳಕ್ಕೆ ಹೋಗಿ ಮಲ್ಲಿಕಾ ತಂದೆವು. ಅದು ನೀಲಂ ಮತ್ತು ದಶೇರಿ ಸೇರಿಸಿ ಮಾಡಿದ ತಳಿ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ನಮ್ಮಲ್ಲಿ ನಿಷೇಧವಿದೆ, ಎಥಿಲೀನ್ ಅನಿಲಕ್ಕೆ ಮಿತಿಯೊಳಗೆ ಅನುಮತಿ ಇದೆ. ಆದರೂ ಹೊರಗೆಲ್ಲ ಹಳದಿಯಾಗಿ ಒಳಗೆ ಬಿಳುಚಿಕೊಂಡ ಹಣ್ಣು ಸಿಕ್ಕಿದರೆ ನಾನು ಮುಂದಿನ ಸಲ ಆ ಗಾಡಿಯ ಹತ್ತಿರ ಹೋಗುವುದಿಲ್ಲ. ಮಾವಿನ ವಿಚಾರ ಮುಗಿಯಿತು.)

ಹಪ್ಪಳದ ಲೆಕ್ಕ

ಮೇ ಮೂರನೇ ವಾರ ರಜೆ ಸಿಕ್ಕಿತು. ಹೆಂಡತಿ, ಮಗಳು, ನಾನು ಮೂವರೂ ಊರಿಗೆ. ಮಗಳಿಗೆ ಒಂಬತ್ತು. ಹೋದ ದಿನವೇ ಆಯಿ ಹಲಸಿನಕಾಯಿ ಕೊಯ್ಯಿಸಿದ್ದಳು. ಹಪ್ಪಳಕ್ಕೆ ಕಾಯಿ ಬಲಿತಿರಬೇಕು, ಹಣ್ಣಾಗಿರಬಾರದು. ಆಯಿ ಬೆರಳಿನಿಂದ ತಟ್ಟಿ ಹೇಳುತ್ತಾಳೆ. ಕೈಗೆ, ಕತ್ತಿಗೆ ತೆಂಗಿನೆಣ್ಣೆ ಸವರಿಕೊಂಡು ಕೂತೆವು. ಆದರೂ ನನ್ನ ಬೆರಳುಗಳೆಲ್ಲ ಮೇಣ ಮೆತ್ತಿ ಒಂದಾಗಿ ಹೋದವು. ತೊಳೆ ಬಿಡಿಸಿ, ಬೇಳೆ ತೆಗೆದು, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು ಖಾರ ಸೇರಿಸಿ ಅರೆದದ್ದಾಯಿತು. ಪಕ್ಕದ ಮನೆಯ ಚಿಕ್ಕಿಯೂ ಬಂದರು. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಒಂದು ಉಂಡೆ, ಮೇಲಿಂದ ಮಣೆ, ಒಂದು ಒತ್ತು. ಹಾಳೆ ಎತ್ತಿ ಚಾಪೆಯ ಮೇಲೆ ಮಗುಚಿ ಸುಲಿಯುವುದು ನನ್ನ ಕೆಲಸ. ಮೊದಲ ಹತ್ತು ಹಪ್ಪಳ ಕರ್ನಾಟಕದ ನಕ್ಷೆಯ ಹಾಗೆ ಬಂದವು. ಚಿಕ್ಕಿ ಏನೂ ಹೇಳಲಿಲ್ಲ. ಅವನ್ನು ಎತ್ತಿ ಮತ್ತೆ ಉಂಡೆ ಮಾಡಿದರು.

ಉಂಡೆ ಕಟ್ಟುವ ಮೊದಲೇ ಮಗಳಿಗೆ ಒಂದು ಮುದ್ದೆ ಹಿಟ್ಟು ಸಿಕ್ಕಿತ್ತು. ಹಪ್ಪಳದ ಹಿಟ್ಟಿನ ನಡುವೆ ಗುಳಿ ಮಾಡಿ, ಒಂದು ಚಮಚೆ ತೆಂಗಿನೆಣ್ಣೆ ಹಾಕಿ ಕೊಡುತ್ತಾರಲ್ಲ, ಅದು. ಬೆಂಗಳೂರಿನಲ್ಲಿ ತಟ್ಟೆಯಲ್ಲಿ ಒಂದು ಬೀನ್ಸ್ ಕಂಡರೆ ಮುಖ ಸಿಂಡರಿಸುವ ಹುಡುಗಿ ಬೆರಳು ನೆಕ್ಕಿ ಇನ್ನೊಂದು ಕೇಳಿದಳು. ಕಾಗೆ ಓಡಿಸುವ ಕೆಲಸವೂ ಅವಳದ್ದೇ. ಕೋಲು ಹಿಡಿದು ಚಾಪೆಯ ಪಕ್ಕ ಕೂತವಳು ಅರ್ಧ ಗಂಟೆಗೆ ಬೇಜಾರು ಅಂದಳು. ಆಯಿ ಒಳಗೆ ಹೋಗಿ ಸ್ಟೀಲ್ ಬಟ್ಟಲು ತಂದಳು. ಇನ್ನೊಂದು ಕೈಯಲ್ಲಿ ಒಂದು ಹಿಡಿ ಅಡಿಕೆ. "ಇಪ್ಪತ್ತೈದು ಹಪ್ಪಳ ಆದರೆ ಒಂದು ಅಡಿಕೆ ಹಾಕು. ತಪ್ಪಬಾರದು." ಸಂಜೆಗೆ ಬಟ್ಟಲಲ್ಲಿ ಹನ್ನೆರಡು ಅಡಿಕೆ. ಮುನ್ನೂರು ಹಪ್ಪಳ. ಆಯಿ ಅಂದುಕೊಂಡದ್ದು ಇನ್ನೂರಂತೆ. ಕೈ ಜಾಸ್ತಿ ಇತ್ತು ಅಂತ ಎರಡನೇ ಹಲಸಿನಕಾಯಿಯನ್ನೂ ಕೊಯ್ದಿದ್ದಳು.

ಎರಡನೇ ದಿನ ಮೂರೂವರೆಗೆ ಮೋಡ ಕಟ್ಟಿತು. ಮೇ ತಿಂಗಳ ಮೋಡಕ್ಕೆ ಪುರುಸೊತ್ತು ಇರುವುದಿಲ್ಲ. ಚಾಪೆಯ ನಾಲ್ಕು ಮೂಲೆ ಹಿಡಿದು ಎಲ್ಲರೂ ಒಳಗೆ ಓಡಿದೆವು. ಆ ರಾತ್ರಿ ಕರೆಂಟು ಇಲ್ಲ. ಒಲೆಯಲ್ಲಿ ಕೆಂಡ ಇತ್ತು. ಅರೆ ಒಣಗಿದ ಹಪ್ಪಳವನ್ನು ಕೆಂಡದ ಮೇಲೆ ಸುಟ್ಟು ತಿಂದಿದ್ದೀರಾ? ಅಂಚು ಗರಿಗರಿ, ನಡುವೆ ಮೆತ್ತಗೆ, ಅಲ್ಲಲ್ಲಿ ಸುಟ್ಟ ಕಲೆ. ಎಲ್ಲರೂ ಮಲಗಿದ್ದರು. ಒಂದು ತಿಂದೆ, ಇನ್ನೊಂದು ತಿಂದೆ. ತಿರುಗಿ ನೋಡಿದರೆ ಬಾಗಿಲ ಹತ್ತಿರ ಮಗಳು ನಿಂತಿದ್ದಳು. ಅವಳಿಗೂ ಕೊಟ್ಟೆ. ಆಮೇಲೆ ಎಷ್ಟಾಯಿತು ಅಂತ ನಾವಿಬ್ಬರೂ ಎಣಿಸಲಿಲ್ಲ.

ಮೂರನೇ ದಿನ ಕಟ್ಟು ಕಟ್ಟುವಾಗ ಎಣಿಸಿದರೆ 281. ಬಟ್ಟಲಿನ ಪ್ರಕಾರ 300. ಹತ್ತೊಂಬತ್ತು ಕಡಿಮೆ. ನಮ್ಮ ಭಾಷೆಯಲ್ಲಿ ಇದಕ್ಕೆ ಶಾರ್ಟೇಜ್ ಅನ್ನುತ್ತಾರೆ, ಕಾರಣ ಬರೆಯಲೇಬೇಕು. ಮಗಳು ನನ್ನ ಮುಖ ನೋಡಿದಳು. ನಾನು ತಲೆಯ ಮೇಲಿನ ಮಾಡು ನೋಡಿದೆ. ಆಯಿ ಒಲೆಯ ಬೂದಿಯ ಕಡೆ ಒಮ್ಮೆ ಕಣ್ಣು ಹಾಯಿಸಿ, "ಕಾಗೆ" ಅಂದಳು. "ದೊಡ್ಡದೊಂದು, ಸಣ್ಣದೊಂದು."

ಹೊರಡುವ ದಿನ ಮಗಳು ಬಟ್ಟಲನ್ನು ಗೂಡಿನಲ್ಲಿ ಇಟ್ಟು, "ಅಜ್ಜಿ, ಮುಂದಿನ ವರ್ಷ ಮಿಡಿ ಲೆಕ್ಕಾನೂ ನಂದೇ" ಅಂದಳು. ಆಯಿ ಅವಳ ತಲೆ ಸವರಿ ಹೇಳಿದಳು, "ಮಿಡಿ ಬರುವುದು ಮಾರ್ಚಲ್ಲಿ ಮಗಾ. ಆಗ ನಿನಗೆ ಪರೀಕ್ಷೆ." ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಜುಲೈ

ಇದನ್ನು ಬರೆಯುವಾಗ ಊರಲ್ಲಿ ಮಳೆ ಹಿಡಿದಿದೆ. ಎಂಟು ದಿನದಿಂದ ಬಿಸಿಲೇ ಇಲ್ಲವಂತೆ, ತೋಟಕ್ಕೆ ಔಷಧಿ ಹೊಡೆಯಲು ಪುರುಸೊತ್ತು ಕೊಡುತ್ತಿಲ್ಲವಂತೆ. ಫೋನಿನಲ್ಲಿ ಮಾತಿಗಿಂತ ಜಾಸ್ತಿ ಹಂಚಿನ ಮೇಲೆ ಬೀಳುವ ನೀರಿನ ಸದ್ದು. ಹಪ್ಪಳ ಕರಿದಿರಾ ಅಂತ ಕೇಳಿದಳು. ಎರಡು ಕಟ್ಟು ಮುಗಿಯಿತು ಅಂದೆ. ಮಿಡಿ ಎಲ್ಲಿಟ್ಟಿದ್ದೀರಿ ಅಂತ ಕೇಳಿದಳು. ಹೊರಗೇ ಇಟ್ಟಿದ್ದೇವೆ ಅಂದೆ. ಈ ಸಲ ಸುಳ್ಳಲ್ಲ. ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಿ, ಕಿಟಕಿಯಿಂದ ದೂರ, ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೇವೆ. ದಿನಾ ಊಟಕ್ಕೆ ಒಂದು ಮಿಡಿ, ಮೂವರಿಗೆ ಪಾಲು. ತೊಟ್ಟಿನ ಕಡೆಯ ತುಂಡಿಗೆ ಜಗಳ.

ಆಯಿ ಕೊಟ್ಟಾಗ ಬಾಟಲಿಯಲ್ಲಿ ಅರವತ್ತು ಮಿಡಿ ಇದ್ದವು. ನಿನ್ನೆ ಒಣ ಚಮಚೆಯಿಂದ ಒಂದೊಂದೇ ಸರಿಸಿ ಎಣಿಸಿದೆ. ಹನ್ನೊಂದು ಉಳಿದಿವೆ. ಮಾರ್ಚ್‌ಗೆ ಇನ್ನೂ ಎಂಟು ತಿಂಗಳು. ಇಷ್ಟು ಬೇಗ ಖಾಲಿಯಾಗುತ್ತಿದೆ ಅಂತ ಆಯಿಗೆ ಇನ್ನೂ ಹೇಳಿಲ್ಲ.